ಸಾವಿರ ಫೈಲುಗಳ ನಡುವೆ ದಾರಿ ತಪ್ಪದೆ ಓಡಾಡುವುದು ಹೇಗೆ?

ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುವವರು, ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವರು, ಹೀಗೆ ಆರೇಳು ಮಂದಿ ಭಾನುವಾರಗಳಲ್ಲಿ ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಸೇರುತ್ತಾರೆ. ಸಿದ್ದಾಪುರ, ಯಲ್ಲಾಪುರಗಳಿಂದ ಬರುವವರಿದ್ದಾರೆ, ಕಾರವಾರದಿಂದ ಘಟ್ಟ ಹತ್ತಿ ಬರುವವರೂ ಇದ್ದಾರೆ. ಕೋಡ್ ಬರೆಯುವುದರಲ್ಲಿ ಯಾರೂ ಹಿಂದೆ ಬಿದ್ದವರಲ್ಲ. ಆದರೆ ಬೇರೆಯವರು ಹತ್ತಿಪ್ಪತ್ತು ವರ್ಷ ಬರೆದಿಟ್ಟ ದೊಡ್ಡ ಪ್ರಾಜೆಕ್ಟನ್ನು ಓದಲು ಕೊಟ್ಟರೆ ಬಹುತೇಕ ಎಲ್ಲರೂ ಒಂದೇ ರೀತಿ ಎಡವುತ್ತಾರೆ. ಎಡಬದಿಯಲ್ಲಿ ಫೋಲ್ಡರುಗಳ ಪಟ್ಟಿಯನ್ನು ತೆರೆದುಕೊಂಡು, ಒಂದೊಂದೇ ಫೈಲನ್ನು ಒತ್ತಿ ನೋಡುತ್ತಾ, ಅರ್ಧ ಗಂಟೆಯಲ್ಲಿ ಮೂವತ್ತು ನಲವತ್ತು ಟ್ಯಾಬುಗಳನ್ನು ಪೇರಿಸಿಕೊಂಡು, ಕೊನೆಗೆ ತಾವು ಯಾವ ಪ್ರಶ್ನೆ ಹಿಡಿದು ಹೊರಟಿದ್ದೆವೆಂಬುದನ್ನೇ ಮರೆತು ಕೂರುತ್ತಾರೆ. ಈ ಲೇಖನವನ್ನು ಅವರಿಗಾಗಿ ಬರೆದಿದ್ದೇನೆ.

ನಾನು ಕಲಿಸುವುದು ಈಮ್ಯಾಕ್ಸ್ ಎಂಬ ಎಡಿಟರಿನಲ್ಲಿ, ಅಂದರೆ ಕೋಡ್ ಓದಿ ಬರೆಯುವ ತಂತ್ರಾಂಶದಲ್ಲಿ. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ, 1985ರಿಂದ ಗ್ನೂ ಈಮ್ಯಾಕ್ಸ್ ಎಂಬ ಮುಕ್ತ ತಂತ್ರಾಂಶವಾಗಿ ಹಂಚಿಕೆಯಾಗುತ್ತಿರುವ ಈ ಎಡಿಟರಿನ ಹೆಚ್ಚುಕಡಿಮೆ ಪ್ರತಿಯೊಂದು ವರ್ತನೆಯನ್ನೂ ಬಳಸುವವರು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಬೇಕಾದದ್ದನ್ನು ಒಮ್ಮೆ ಇಳಿಸಿಕೊಂಡ ಮೇಲೆ, ನೆಟ್ ಇಲ್ಲದಿದ್ದರೂ ಕೆಳಗೆ ಹೇಳುವ ಓದಿನ ಕೆಲಸವೆಲ್ಲ ಅದರಲ್ಲಿ ನಡೆಯುತ್ತದೆ. ಆಷಾಢದಲ್ಲಿ ಮೂರು ದಿನ ನೆಟ್‌ವರ್ಕ್ ಕಾಣದ ನಮ್ಮ ಕಡೆಯ ಹಳ್ಳಿಗಳಿಗೆ ಇದು ಸಣ್ಣ ಅನುಕೂಲವಲ್ಲ. 2023ರ ಜುಲೈಯಲ್ಲಿ ಬಂದ 29ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಬಳಸಬೇಕು. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ 24.04ರಲ್ಲಿ ಅದು ಸಿಗುತ್ತದೆ. ಉಬುಂಟು 22.04ರ ಜೊತೆ ಬರುವುದು 27ನೇ ಆವೃತ್ತಿಯಾದ್ದರಿಂದ ಅದನ್ನಿಟ್ಟುಕೊಂಡು ಒದ್ದಾಡುವುದು ಬೇಡ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಯಾರೋ ಕಟ್ಟಿಕೊಟ್ಟ, ನೂರಾರು ಪ್ಯಾಕೇಜುಗಳಿರುವ ಸಿದ್ಧ ಸಂರಚನೆಯನ್ನು ಕಲಿಕೆಯ ಹಂತದಲ್ಲಿ ಹಾಕಿಕೊಳ್ಳಲೇಬಾರದು. ಅದರಲ್ಲಿ ಕೀಲಿಗಳು ಬದಲಾಗಿರುತ್ತವೆ, ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಈಮ್ಯಾಕ್ಸ್ ತನ್ನೊಳಗೇ ಇಟ್ಟುಕೊಂಡು ಬಂದಿರುವಷ್ಟು ಸಾಮಗ್ರಿ ನಮ್ಮ ಕೆಲಸಕ್ಕೆ ಸಾಕು.

ಹಂತ 1: ಕೋಡನ್ನು ಇಳಿಸಿಕೊಳ್ಳುವುದು

ಅಭ್ಯಾಸಕ್ಕೆ ನಾನು ಆರಿಸಿಕೊಳ್ಳುವುದು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೋಡನ್ನು. ಸಿ ಭಾಷೆಯಲ್ಲಿದೆ, ಶಿಸ್ತಾಗಿ ಬರೆದದ್ದು, ಟಿಪ್ಪಣಿಗಳೂ ಹೇರಳವಾಗಿವೆ. ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಯ್ದಿಡುವ ಗಿಟ್ ಎಂಬ ಸಾಧನದ ಮೂಲಕ ಇಳಿಸಿಕೊಳ್ಳುವಾಗ ನಮ್ಮ ಕಡೆಯವರು ಒಂದು ಎಚ್ಚರ ವಹಿಸಬೇಕು. ಗಿಟ್ ಕ್ಲೋನ್ (ನಕಲನ್ನು ಇಳಿಸುವ ಆದೇಶ) ನಡುವೆ ಕಡಿದುಹೋದರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಆದ್ದರಿಂದ ಮೊದಲು ‘ಡೆಪ್ತ್’ ಎಂಬ ಆಯ್ಕೆಗೆ 1 ಎಂದು ಕೊಟ್ಟು, ಇತಿಹಾಸವಿಲ್ಲದ ಇಂದಿನ ಕೋಡನ್ನಷ್ಟೇ ತರಿಸಿಕೊಳ್ಳಿ. ಆಮೇಲೆ ನೆಟ್ ಚೆನ್ನಾಗಿದ್ದಾಗಲೆಲ್ಲ ಗಿಟ್ ಫೆಚ್ ಆದೇಶಕ್ಕೆ ‘ಡೀಪನ್’ ಆಯ್ಕೆಯಲ್ಲಿ 1000 ಎಂದು ಕೊಟ್ಟು ಇತಿಹಾಸವನ್ನು ಕಂತು ಕಂತಾಗಿ ತುಂಬಿಸಿಕೊಳ್ಳಬಹುದು. ಒಮ್ಮೆ ಬಂದು ಸೇರಿದ ಕಂತು ಕಳೆದುಹೋಗುವುದಿಲ್ಲ.

ಹಂತ 2: ಒಮ್ಮೆ ಬಿಲ್ಡ್ ಮಾಡುವುದು

ಓದಲಿಕ್ಕಷ್ಟೇ ತಾನೇ, ಬಿಲ್ಡ್ (ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿ ಕಟ್ಟುವುದು) ಏಕೆ ಎಂದು ಕೇಳುವವರೇ ಹೆಚ್ಚು. ಯಾವ ಫೈಲನ್ನು ಯಾವ ಆಯ್ಕೆಗಳೊಡನೆ ಕಂಪೈಲ್ ಮಾಡಬೇಕೆಂಬ ಪಟ್ಟಿ ಇಲ್ಲದಿದ್ದರೆ ಕೋಡನ್ನು ಅರ್ಥ ಮಾಡಿಕೊಳ್ಳುವ ಕ್ಲ್ಯಾಂಗ್‌ಡಿ ಎಂಬ ಸಹಾಯಕ ತಂತ್ರಾಂಶ ಕುರುಡಾಗುತ್ತದೆ. ಪೋಸ್ಟ್‌ಗ್ರೆಸ್‌ನ 16ನೇ ಆವೃತ್ತಿಯಿಂದ ಮೆಸಾನ್ ಎಂಬ ಬಿಲ್ಡ್ ವ್ಯವಸ್ಥೆ ಸೇರಿಕೊಂಡಿದೆ. ‘ಮೆಸಾನ್ ಸೆಟಪ್ ಬಿಲ್ಡ್’ ಎಂದು ಕೊಟ್ಟರೆ ಬಿಲ್ಡ್ ಫೋಲ್ಡರಿನಲ್ಲಿ ಆ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ, ಕ್ಲ್ಯಾಂಗ್‌ಡಿ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ಬಳಿಕ ನಿಜವಾಗಿ ಬಿಲ್ಡ್ ಮಾಡುವ ನಿಂಜಾ ಆದೇಶವನ್ನೂ ಒಮ್ಮೆ ಪೂರ್ತಿ ಓಡಿಸಬೇಕು. ಕೆಲವು ಹೆಡರ್ ಫೈಲುಗಳು (ಬೇರೆ ಫೈಲುಗಳು ಬಳಸುವ ಘೋಷಣೆಗಳಿರುವಂಥವು) ಬಿಲ್ಡ್ ಆಗುವಾಗಲೇ ಹುಟ್ಟುವಂಥವು, ಅವಿಲ್ಲದಿದ್ದರೆ ಪರದೆಯ ತುಂಬ ಕೆಂಪು ಗೆರೆಗಳು ಕಾಣುತ್ತವೆ.

ಹಂತ 3: ಹೆಸರು ಹಿಡಿದು ಫೈಲು ತೆರೆಯುವುದು

ಕಂಟ್ರೋಲ್-ಎಕ್ಸ್ ಒತ್ತಿ ಬಿಟ್ಟು, ಪಿ, ನಂತರ ಎಫ್ ಒತ್ತಿ, ಹೆಸರಿನ ಒಂದು ತುಂಡನ್ನು ಟೈಪಿಸಿದರೆ ಸಾಕು. ಗಿಟ್ ಇರುವ ಫೋಲ್ಡರನ್ನು ಈಮ್ಯಾಕ್ಸ್ ತಾನಾಗಿಯೇ ಒಂದು ಪ್ರಾಜೆಕ್ಟೆಂದು ಗುರುತಿಸುತ್ತದೆ. ಆಯ್ಕೆಗಳು ಒಂದರ ಕೆಳಗೊಂದು ಕಾಣಲು ‘ಫೀಡೋ-ವರ್ಟಿಕಲ್-ಮೋಡ್’ ಅನ್ನು ಚಾಲೂ ಮಾಡಿಕೊಳ್ಳಿ. ಎಡಬದಿಯ ಫೋಲ್ಡರ್ ಪಟ್ಟಿಯನ್ನು ಮುಚ್ಚಿಬಿಡಿ. ಅದು ಕಣ್ಣೆದುರಿಗಿರುವವರೆಗೂ ಕೈ ಅತ್ತಲೇ ಹೋಗುತ್ತದೆ.

ಹಂತ 4: ಒಂದು ಹೆಸರಿನಿಂದ ಅದರ ಮೂಲಕ್ಕೆ ಹೋಗುವುದು

ಬಹುತೇಕರು ಕೈಚೆಲ್ಲುವುದು ಈ ಹಂತದಲ್ಲಿ. ಹೆಸರಿನ ಮೇಲೆ ಕರ್ಸರ್ ಇಟ್ಟು ಆಲ್ಟ್ ಹಿಡಿದು ಚುಕ್ಕಿ ಒತ್ತಿದರೆ, ಆ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಎಲ್ಲಿ ಬರೆಯಲ್ಪಟ್ಟಿದೆಯೋ ಅಲ್ಲಿಗೆ ಈಮ್ಯಾಕ್ಸ್ ಕರೆದೊಯ್ಯಬೇಕು. ಆದರೆ ಹೊಸಬರು ಒತ್ತಿದಾಗ ‘ಟ್ಯಾಗ್ಸ್’ ಫೈಲು (ಯಾವ ಹೆಸರು ಕೋಡಿನಲ್ಲಿ ಎಲ್ಲಿದೆಯೆಂಬ ಪಟ್ಟಿ) ಎಲ್ಲಿದೆಯೆಂದು ಅದು ಮರುಪ್ರಶ್ನೆ ಕೇಳುತ್ತದೆ. ಏನೆಂದು ತಿಳಿಯದೆ ಎಂಟರ್ ಒತ್ತಿ, ದೋಷ ಸಂದೇಶ ಕಂಡು, ಎಡಿಟರೇ ಸರಿಯಿಲ್ಲವೆಂದು ಮುಚ್ಚಿಟ್ಟವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಆ ಪ್ರಶ್ನೆಯ ಅರ್ಥ ಇಷ್ಟೇ: ಕ್ಲ್ಯಾಂಗ್‌ಡಿಯ ಜೊತೆ ಇನ್ನೂ ಸಂಪರ್ಕ ಆಗಿಲ್ಲ, ಆದ್ದರಿಂದ ಈಮ್ಯಾಕ್ಸ್ ತನ್ನ ಹಳೆಯ ವಿಧಾನಕ್ಕೆ ಮರಳಿದೆ. ಕಂಟ್ರೋಲ್-ಜಿ ಒತ್ತಿ ಹೊರಬನ್ನಿ. ಆಲ್ಟ್-ಎಕ್ಸ್ ಒತ್ತಿ ‘ಎಗ್ಲಾಟ್’ ಎಂದು ಟೈಪಿಸಿ ಎಂಟರ್ ಕೊಡಿ. 29ನೇ ಆವೃತ್ತಿಯಿಂದ ಈಮ್ಯಾಕ್ಸಿನ ಒಳಗೇ ಸೇರಿರುವ ಎಗ್ಲಾಟ್ ಹಿನ್ನೆಲೆಯಲ್ಲಿ ಕ್ಲ್ಯಾಂಗ್‌ಡಿಯನ್ನು ಎಬ್ಬಿಸುತ್ತದೆ. ಕ್ಲ್ಯಾಂಗ್‌ಡಿ ಇಡೀ ಕೋಡನ್ನು ಓದಿ ಸೂಚಿ ಕಟ್ಟಿಕೊಳ್ಳುವವರೆಗೆ ಕಾಯಿರಿ. ಸೂಚಿ ಅರ್ಧದಲ್ಲಿರುವಾಗ ಕೇಳಿದರೆ ಉತ್ತರವೂ ಅರ್ಧವೇ ಬರುತ್ತದೆ, ಅದು ಅರ್ಧವೆಂದು ಎಲ್ಲಿಯೂ ಬರೆದಿರುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ನಾಲ್ಕು ಜಿಬಿ ಮೆಮೊರಿ ಮಾತ್ರ ಇದ್ದರೆ ಕ್ಲ್ಯಾಂಗ್‌ಡಿ ಭಾರವಾಗಬಹುದು. ಅಂಥವರು ಆ ಹಳೆಯ ವಿಧಾನವನ್ನೇ ಬಳಸಲಿ. ಪೋಸ್ಟ್‌ಗ್ರೆಸ್ ಕೋಡಿನ ‘ಎಸ್‌ಆರ್‌ಸಿ’ ಫೋಲ್ಡರಿನೊಳಗಿನ ‘ಟೂಲ್ಸ್’ನಲ್ಲಿ ‘ಮೇಕ್_ಇಟ್ಯಾಗ್ಸ್’ ಎಂಬ ಸಿದ್ಧ ಸ್ಕ್ರಿಪ್ಟ್ ಇದೆ. ಅದನ್ನು ಓಡಿಸಿ, ಹುಟ್ಟುವ ಟ್ಯಾಗ್ಸ್ ಫೈಲಿನ ವಿಳಾಸವನ್ನು ಈಮ್ಯಾಕ್ಸ್ ಕೇಳಿದಾಗ ಕೊಟ್ಟರಾಯಿತು. ಕೋಡ್ ಬದಲಾದಾಗ ಅದು ತಾನಾಗಿ ಬದಲಾಗುವುದಿಲ್ಲ, ಮತ್ತೆ ಓಡಿಸಬೇಕು ಎಂಬುದಷ್ಟೇ ಕೊರತೆ.

ಈಗ ಒಂದು ನಿಜವಾದ ಪ್ರಶ್ನೆಯನ್ನು ಹಿಡಿಯೋಣ. ಡೇಟಾಬೇಸಿಗೆ ಒಂದು ಹೊಸ ಸಾಲನ್ನು ಸೇರಿಸಿ ಎಂದು ನಾವು ಆದೇಶ ಕೊಟ್ಟಾಗ, ಆ ಸಾಲನ್ನು ಕೊನೆಗೂ ಪುಟದೊಳಗೆ (ಡೇಟಾಬೇಸ್ ಸಾಲುಗಳನ್ನು ತುಂಬಿಡುವ ತುಣುಕಿನೊಳಗೆ) ಇಡುವ ಕೋಡ್ ಯಾವುದು? ‘ಪೋಸ್ಟ್‌ಗ್ರೆಸ್.ಸಿ’ ಫೈಲಿನಲ್ಲಿರುವ ‘ಎಕ್ಸೆಕ್_ಸಿಂಪಲ್_ಕ್ವೆರಿ’ ಫಂಕ್ಷನ್ನಿನಿಂದ ಹೊರಡಬಹುದು. ಆದೇಶವನ್ನು ಒಡೆದು ನೋಡುವುದು, ಅರ್ಥ ಹಚ್ಚುವುದು, ಯೋಜನೆ ಹಾಕುವುದು, ನಡೆಸುವುದು ಎಂಬ ಕೆಲಸಗಳಿಗೆ ಅಲ್ಲಿ ಒಂದೊಂದು ಕರೆ ಇದೆ, ಆಲ್ಟ್-ಚುಕ್ಕಿ ಒತ್ತುತ್ತಾ ಒಳಗಿಳಿಯಬಹುದು. ಮುಂದೆ ‘ಎಕ್ಸೆಕ್‌ಇನ್ಸರ್ಟ್’ ಎಂಬ ಫಂಕ್ಷನ್, ಅಲ್ಲಿಂದ ‘ಟೇಬಲ್_ಟ್ಯೂಪಲ್_ಇನ್ಸರ್ಟ್’ ಎಂಬ ಪುಟ್ಟ ಫಂಕ್ಷನ್ ಸಿಗುತ್ತವೆ. ಅದರೊಳಗಿನ ‘ಟ್ಯೂಪಲ್_ಇನ್ಸರ್ಟ್’ ಎಂಬ ಹೆಸರಿನ ಮೇಲೆ ಮತ್ತೆ ಆಲ್ಟ್-ಚುಕ್ಕಿ ಒತ್ತಿದರೆ ಹೆಡರ್ ಫೈಲಿನ ಒಂದು ಘೋಷಣೆಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಕೋಡೇ ಇಲ್ಲ. ಹೋದ ತಿಂಗಳು ಹೊನ್ನಾವರದ ಕಡೆಯ ಹುಡುಗಿಯೊಬ್ಬಳು ಇದೇ ಜಾಗದಲ್ಲಿ ನಿಂತು, “ಅಣ್ಣಾ, ದಾರಿ ಇಲ್ಲಿಗೇ ಮುಗಿದುಹೋಯಿತು” ಎಂದಳು.

ದಾರಿ ಮುಗಿದಿಲ್ಲ, ಪ್ರಶ್ನೆಯ ಬಗೆ ಬದಲಾಗಬೇಕಾಗಿದೆ. ಅಲ್ಲಿರುವುದು ಫಂಕ್ಷನ್ ಪಾಯಿಂಟರ್, ಅಂದರೆ ಯಾವುದೋ ಒಂದು ಫಂಕ್ಷನ್ನಿನ ವಿಳಾಸವನ್ನು ಹಿಡಿದಿಡುವ ಹೆಸರು. ದತ್ತಾಂಶವನ್ನು ಬೇರೆ ಬೇರೆ ರೀತಿಯಲ್ಲಿ ಇಡಲು ಅವಕಾಶವಾಗಲೆಂದು 2019ರಲ್ಲಿ ಬಂದ 12ನೇ ಆವೃತ್ತಿಯಲ್ಲಿ ಈ ಏರ್ಪಾಡನ್ನು ತಂದರು. ಯಾವ ಫಂಕ್ಷನ್ನನ್ನು ಕರೆಯಬೇಕೆಂಬುದು ಪ್ರೋಗ್ರಾಂ ಓಡುವಾಗ ತೀರ್ಮಾನವಾಗುವುದರಿಂದ ‘ಇದನ್ನು ಎಲ್ಲಿ ಬರೆದಿದೆ’ ಎಂದು ಕೇಳಿದರೆ ಪ್ರಯೋಜನವಿಲ್ಲ. ‘ಈ ಹೆಸರಿಗೆ ಎಲ್ಲಿ ಬೆಲೆ ಕೊಟ್ಟಿದೆ’ ಎಂದು ಕೇಳಬೇಕು. ಅದಕ್ಕೆ ಎರಡು ಉಪಾಯಗಳಿವೆ. ಆ ಹೆಸರಿನ ಮೇಲೆಯೇ ಆಲ್ಟ್ ಹಿಡಿದು ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಅದು ಬಳಕೆಯಾದ ಜಾಗಗಳೆಲ್ಲ ಪಟ್ಟಿಯಾಗುತ್ತವೆ. ಇಲ್ಲವೇ ಕಂಟ್ರೋಲ್-ಎಕ್ಸ್, ಪಿ, ಜಿ ಒತ್ತಿ, ಹೆಸರಿನ ನಂತರ ಒಂದು ತೆರಪು ಬಿಟ್ಟು ಸಮ ಚಿಹ್ನೆಯನ್ನು ಸೇರಿಸಿ ಹುಡುಕಬಹುದು. ನಾನು ಎರಡನೆಯದನ್ನೇ ಬಳಸುತ್ತೇನೆ, ಏಕೆಂದರೆ ಬರೀ ಹೆಸರನ್ನು ಹುಡುಕಿದರೆ ಹತ್ತಾರು ಸಾಲು ಬರುವಲ್ಲಿ ಸಮ ಚಿಹ್ನೆಯೊಡನೆ ಹುಡುಕಿದರೆ ಬೆಲೆ ಕೊಟ್ಟ ಸಾಲುಗಳಷ್ಟೇ ಉಳಿಯುತ್ತವೆ. ‘ಹೀಪ್‌ಎಎಮ್_ಹ್ಯಾಂಡ್ಲರ್.ಸಿ’ ಫೈಲಿನ ಸಾಲೊಂದು ‘ಹೀಪ್‌ಎಎಮ್_ಟ್ಯೂಪಲ್_ಇನ್ಸರ್ಟ್’ ಎಂಬ ಹೆಸರನ್ನು ತೋರಿಸುತ್ತದೆ. ಅದರ ಮೇಲೆ ಆಲ್ಟ್-ಚುಕ್ಕಿ, ಅಲ್ಲಿಂದ ‘ಹೀಪ್_ಇನ್ಸರ್ಟ್’, ಉತ್ತರ ಕೈಗೆ ಬಂತು. ಯೋಜನೆಯ ಹಂತಗಳನ್ನು ನಡೆಸುವ ‘ಎಕ್ಸೆಕ್‌ಪ್ರೊಕ್‌ನೋಡ್’ ಎಂಬಲ್ಲಿಯೂ ಇಂಥದ್ದೇ ಪಾಯಿಂಟರ್ ಎದುರಾಗುತ್ತದೆ. ಅಲ್ಲಿಯೂ ಇದೇ ಉಪಾಯ ನಡೆಯುತ್ತದೆ.

ಹುಡುಕಾಟದ ಪಟ್ಟಿಯಲ್ಲಿ ಎನ್ ಒತ್ತಿದರೆ ಮುಂದಿನ ಸಾಲು, ಪಿ ಒತ್ತಿದರೆ ಹಿಂದಿನ ಸಾಲು ಪಕ್ಕದ ಕಿಟಕಿಯಲ್ಲಿ ಕಾಣುತ್ತದೆ. ಪ್ರತಿಯೊಂದನ್ನೂ ಎಂಟರ್ ಒತ್ತಿ ತೆರೆಯುವ ಅಭ್ಯಾಸವನ್ನು ಬಿಡಬೇಕು. ಫಲಿತಾಂಶ ವಿಪರೀತ ಬಂದರೆ ಮೊದಲು ಕಂಟ್ರೋಲ್-ಯು ಒತ್ತಿ ಹುಡುಕಾಟ ಶುರುಮಾಡಿ. ಆಗ ಯಾವ ಫೋಲ್ಡರು, ಯಾವ ಬಗೆಯ ಫೈಲು ಎಂದು ಈಮ್ಯಾಕ್ಸ್ ಕೇಳಿಕೊಳ್ಳುತ್ತದೆ. ರಿಪ್‌ಗ್ರೆಪ್ ಎಂಬ ವೇಗದ ಹುಡುಕು ಸಾಧನವನ್ನು ಹಾಕಿಕೊಂಡು, ‘ಎಕ್ಸ್‌ರೆಫ್-ಸರ್ಚ್-ಪ್ರೋಗ್ರಾಮ್’ ಎಂಬ ಸೆಟ್ಟಿಂಗಿನಲ್ಲಿ ಅದನ್ನೇ ಆರಿಸಿಡಿ.

ಹಂತ 5: ಹೋದ ದಾರಿಯಲ್ಲಿ ಮರಳುವುದು

ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ನೆಲಕ್ಕಿಳಿಯದೆ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತಾರಲ್ಲ, ಆಲ್ಟ್-ಚುಕ್ಕಿಯ ಪಯಣವೂ ಹಾಗೆಯೇ ಸಾಗುತ್ತದೆ. ಯಾವ ಮರವನ್ನು ಹತ್ತಿ ಹೊರಟೆವೆಂಬ ನೆನಪನ್ನು ಅವರು ತಲೆಯಲ್ಲಿಟ್ಟುಕೊಳ್ಳುತ್ತಾರೆ. ನಾವು ಆ ಕೆಲಸವನ್ನು ಎಡಿಟರಿಗೆ ಒಪ್ಪಿಸಬೇಕು.

ಆಲ್ಟ್ ಹಿಡಿದು ಅಲ್ಪವಿರಾಮ ಒತ್ತಿದರೆ ಒಂದು ಜಿಗಿತದಷ್ಟು ಹಿಂದಕ್ಕೆ ಬರುತ್ತೇವೆ. ಅದರ ಜೊತೆಗೆ ಕಂಟ್ರೋಲನ್ನೂ ಹಿಡಿದು ಒತ್ತಿದರೆ ಮತ್ತೆ ಮುಂದಕ್ಕೆ. ಇದು ಗೊತ್ತಿದ್ದವರೂ ದಾರಿ ತಪ್ಪಲು ಎರಡು ಕಾರಣಗಳಿವೆ. ಮೊದಲನೆಯದು, ಈ ಇತಿಹಾಸದಲ್ಲಿ ದಾಖಲಾಗುವುದು ಮೂಲ ಹುಡುಕುವ ಮತ್ತು ಬಳಕೆ ಹುಡುಕುವ ಜಿಗಿತಗಳು ಮಾತ್ರ. ನಡುವೆ ನೀವು ಹೆಸರು ಹೇಳಿ ಫೈಲೊಂದನ್ನು ತೆರೆದಿದ್ದರೆ ಅದು ಅಲ್ಲಿ ಸೇರಿರುವುದಿಲ್ಲ. ಹಿಂದಕ್ಕೆ ಒತ್ತಿದಾಗ ಅನಿರೀಕ್ಷಿತ ಜಾಗಕ್ಕೆ ಬಂದು ಗಲಿಬಿಲಿಯಾಗುತ್ತದೆ. ಎರಡನೆಯದು, ಪರದೆಯನ್ನು ಎರಡು ಕಿಟಕಿಗಳಾಗಿ ಒಡೆದು ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ಓದುವಾಗ ಎರಡರ ಜಿಗಿತಗಳೂ ಒಂದೇ ಇತಿಹಾಸದಲ್ಲಿ ಬೆರೆತುಹೋಗುತ್ತವೆ. ‘ಎಕ್ಸ್‌ರೆಫ್-ಹಿಸ್ಟರಿ-ಸ್ಟೋರೇಜ್’ ಎಂಬ ಸೆಟ್ಟಿಂಗನ್ನು ಕಿಟಕಿಗೊಂದು ಇತಿಹಾಸ ಇರುವಂತೆ ಬದಲಿಸಿದರೆ ಈ ತೊಂದರೆ ನೀಗುತ್ತದೆ. ಆಲ್ಟ್-ಎಕ್ಸ್ ಒತ್ತಿ ‘ಕಸ್ಟಮೈಜ್-ವೇರಿಯಬಲ್’ ಎಂದು ಕೊಟ್ಟರೆ ಒಂದು ಸಾಲು ಕೋಡನ್ನೂ ಬರೆಯದೆ ಇದನ್ನು ಮಾಡಬಹುದು.

ಮೊದಲನೆಯ ತೊಂದರೆಗೆ ಪರಿಹಾರವೆಂದರೆ ರಿಜಿಸ್ಟರ್. ಯಾವುದೇ ಪ್ರಶ್ನೆಯನ್ನು ಹಿಡಿದು ಹೊರಡುವ ಮುನ್ನ, ನಿಂತ ಜಾಗದಲ್ಲಿಯೇ ಕಂಟ್ರೋಲ್-ಎಕ್ಸ್, ಆರ್, ಸ್ಪೇಸ್, ಎ ಎಂದು ಒತ್ತಿ. ಆ ಜಾಗಕ್ಕೆ ಎ ಎಂಬ ಗುರುತು ಬಿತ್ತು. ಎಷ್ಟೇ ದೂರ ಹೋಗಿದ್ದರೂ ಕಂಟ್ರೋಲ್-ಎಕ್ಸ್, ಆರ್, ಜೆ, ಎ ಎಂದು ಒತ್ತಿದರೆ ಅಲ್ಲಿಗೇ ಮರಳುತ್ತೇವೆ. ನನ್ನ ಬಳಿ ಬರುವವರಿಗೆ ನಾನು ಕಡ್ಡಾಯ ಮಾಡಿರುವ ನಿಯಮ ಇದೊಂದೇ: ಪ್ರಶ್ನೆ ಹುಟ್ಟಿದ ಜಾಗಕ್ಕೆ ಎ, ಅಡ್ಡದಾರಿ ಹಿಡಿಯುವ ಜಾಗಕ್ಕೆ ಬಿ. ಮೂರನೆಯ ಗುರುತು ಬೇಕಾದರೆ ಮೊದಲು ಅಡ್ಡದಾರಿಯನ್ನು ಮುಗಿಸಿಕೊಂಡು ಬರಬೇಕು. ಎರಡು ವಾರ ಇದನ್ನು ಪಾಲಿಸಿದವರಲ್ಲಿ ಟ್ಯಾಬುಗಳನ್ನು ಪೇರಿಸುವ ಚಾಳಿ ತಾನಾಗಿ ಹೋದದ್ದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಗಿದೆ.

ಹಂತ 6: ಉಳಿದ ಸಣ್ಣ ಅನುಕೂಲಗಳು

ತೆರೆದ ಫೈಲಿನೊಳಗಿನ ಫಂಕ್ಷನ್‌ಗಳ ಪಟ್ಟಿಗೆ ಆಲ್ಟ್-ಜಿ, ಐ. ಒಂದು ಸಾಲನ್ನು ಯಾರು, ಯಾವಾಗ ಬರೆದರೆಂದು ನೋಡಲು ಕಂಟ್ರೋಲ್-ಎಕ್ಸ್, ವಿ, ಜಿ. ಇತಿಹಾಸವನ್ನು ಕಂತುಗಳಲ್ಲಿ ತುಂಬಿಸಿಕೊಂಡಿದ್ದರೆ ಮಾತ್ರ ಇದು ಸರಿಯಾದ ಉತ್ತರ ಕೊಡುತ್ತದೆ. ಬೇರೆ ಪ್ರಾಜೆಕ್ಟಿಗೆ ಹೋಗಲು ಕಂಟ್ರೋಲ್-ಎಕ್ಸ್, ಪಿ, ಪಿ.

ಹಂತ 7: ನಾಳೆಗೆ ಗುರುತು ಉಳಿಸುವುದು

ಈಮ್ಯಾಕ್ಸನ್ನು ಮುಚ್ಚಿದ ಕೂಡಲೇ ರಿಜಿಸ್ಟರಿನಲ್ಲಿಟ್ಟ ಜಾಗಗಳು ಅಳಿಸಿಹೋಗುತ್ತವೆ. ದಿನದ ಓದು ನಿಲ್ಲಿಸುವಾಗ ಕಂಟ್ರೋಲ್-ಎಕ್ಸ್, ಆರ್, ಎಮ್ ಒತ್ತಿ, ಆ ಜಾಗಕ್ಕೊಂದು ಹೆಸರು ಕೊಟ್ಟು ಬುಕ್‌ಮಾರ್ಕ್ ಇಡಿ. ಮರುದಿನ ಕಂಟ್ರೋಲ್-ಎಕ್ಸ್, ಆರ್, ಎಲ್ ಒತ್ತಿದರೆ ಪಟ್ಟಿ ಬರುತ್ತದೆ. ಹೆಸರನ್ನು ಪ್ರಶ್ನೆಯ ರೂಪದಲ್ಲಿಡುವುದು ಒಳ್ಳೆಯದು, ಕನ್ನಡದಲ್ಲಿಯೇ ಇಡಬಹುದು. ‘ಸಾಲು ಪುಟಕ್ಕೆ ಸೇರುವುದು ಎಲ್ಲಿ’ ಎಂಬ ಹೆಸರು ಒಂದು ತಿಂಗಳ ಬಳಿಕವೂ ಅರ್ಥವಾಗುತ್ತದೆ.

ಬುಕ್‌ಮಾರ್ಕುಗಳು ಡಿಸ್ಕಿಗೆ ಬರೆಯಲ್ಪಡುವುದು ಸಾಮಾನ್ಯವಾಗಿ ಈಮ್ಯಾಕ್ಸನ್ನು ಕ್ರಮವಾಗಿ ಮುಚ್ಚಿದಾಗ. ಡೆಸ್ಕ್‌ಟಾಪಿನಲ್ಲಿ ಓದುತ್ತಿದ್ದು, ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಆ ದಿನದ ಗುರುತುಗಳೆಲ್ಲ ಹೋಗುತ್ತವೆ. ‘ಬುಕ್‌ಮಾರ್ಕ್-ಸೇವ್-ಫ್ಲ್ಯಾಗ್’ ಎಂಬ ಸೆಟ್ಟಿಂಗಿಗೆ 1 ಎಂಬ ಬೆಲೆಯನ್ನು ಕೊಟ್ಟರೆ, ಗುರುತು ಇಟ್ಟ ಕ್ಷಣದಲ್ಲಿಯೇ ಅದು ಡಿಸ್ಕಿಗೆ ಹೋಗುತ್ತದೆ. ಮಳೆಗಾಲ ಶುರುವಾಗುವ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ.