ಎದೆ ಒಣಗುವವರೆಗೆ ಅಟ್ರೋಪಿನ್

ಸೇನೆಯಲ್ಲಿ ನರ್ಸಿಂಗ್ ಸಹಾಯಕರಿಗೆ ರಾಸಾಯನಿಕ ಅಸ್ತ್ರದ ಗಾಯಾಳುಗಳ ಚಿಕಿತ್ಸೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಕೈಯಲ್ಲಿದ್ದ ಬಂಡವಾಳವೆಂದರೆ ದಾವಣಗೆರೆಯ ವಾರ್ಡಿನ ಅನುಭವ. ಯುದ್ಧದಲ್ಲಿ ಬಳಸುವ ಸರಿನ್ ಎಂಬ ನರವಿಷ ತಗುಲಿದ ರೋಗಿಯನ್ನು ನಾನು ಕಂಡವನಲ್ಲ. ಆದರೆ ಹೌಸ್ ಸರ್ಜನ್ ಆಗಿದ್ದಾಗ ಜಗಳೂರು, ಹರಪನಹಳ್ಳಿ ಕಡೆಯಿಂದ ಕೀಟನಾಶಕ ಮೈಗೇರಿ ಬರುತ್ತಿದ್ದವರ ಪಕ್ಕದಲ್ಲಿ ರಾತ್ರಿಗಳನ್ನು ಕಳೆದಿದ್ದೆ. ಹೊಲಕ್ಕೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಔಷಧಿಗಳೂ ಸರಿನ್ನೂ ಒಂದೇ ಕುಲದವು. ಎರಡೂ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಕಣ್ಣಿನ ಪಾಪೆ ಕುಗ್ಗುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಎದೆ ಗೊರಗೊರ ಎನ್ನುತ್ತದೆ.

ಹುಡುಗರು ಮದ್ದಿನ ಹೆಸರು, ಪ್ರಮಾಣವನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿಬಿಡುತ್ತಿದ್ದರು. ಅದು ದೊಡ್ಡ ವಿಷಯವೇ ಅಲ್ಲ. ಬಟ್ಟೆ ಬಿಚ್ಚದ ರೋಗಿಯನ್ನು ಒಳಗೆ ಬಿಡಬಾರದು ಎಂಬುದನ್ನು ಕೈಗೆ ಕಲಿಸುವುದೇ ಕಷ್ಟ. 1995ರ ಮಾರ್ಚ್ 20ರಂದು ಟೋಕಿಯೋ ಸುರಂಗ ರೈಲಿನಲ್ಲಿ ಸರಿನ್ ಹರಡಿದಾಗ, ಒಂದೇ ಆಸ್ಪತ್ರೆಗೆ ಆ ದಿನ 640 ಮಂದಿ ಬಂದರು. ಅವರ ಬಟ್ಟೆಯಿಂದೆದ್ದ ಆವಿ ತಾಗಿ ಅಲ್ಲಿನ ಸಿಬ್ಬಂದಿಯಲ್ಲೂ ಸುಮಾರು ಕಾಲು ಭಾಗ ಜನರಿಗೆ ಕಣ್ಣು, ಗಂಟಲಿನ ತೊಂದರೆ ಕಾಣಿಸಿಕೊಂಡಿತು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಲು ನಾನು ಅರಿಶಿನ ಬಳಸಿದೆ. ರೋಗಿಯ ಪಾತ್ರ ವಹಿಸಿದವನ ಅಂಗಿ, ಕುತ್ತಿಗೆ, ಕಿವಿಯ ಹಿಂದೆಲ್ಲ ಅರಿಶಿನ ಬಳಿದು ಸ್ಟ್ರೆಚರ್ ಮೇಲೆ ಮಲಗಿಸುತ್ತಿದ್ದೆ. ತಂಡ ಅಂಗಿಯನ್ನು ತಲೆಯ ಮೇಲಿಂದ ಎಳೆಯದೆ ಮುಂಭಾಗದಲ್ಲಿ ಕತ್ತರಿಸಿ, ಹೊರಮೈ ಒಳಗಾಗುವಂತೆ ಸುತ್ತಿ ತೆಗೆದು, ಸೋಪಿನ ನೀರಿನಲ್ಲಿ ತೊಳೆಯಬೇಕು. ಸೋಪು ತಾಗಿದ ಅರಿಶಿನ ಕೆಂಪಗಾಗುತ್ತದಲ್ಲ, ಉಳಿದ ಕಲೆ ತಾನೇ ಚಾಡಿ ಹೇಳುತ್ತಿತ್ತು. ಹೆಚ್ಚಿನ ಸಲ ಅದು ಸಿಗುತ್ತಿದ್ದದ್ದು ತೊಳೆದವನ ಮಣಿಕಟ್ಟಿನಲ್ಲಿ, ಕೈಗವಸು ಮುಗಿದು ತೋಳು ಶುರುವಾಗುವ ಜಾಗದಲ್ಲಿ!

ಮುಖವಾಡ ಹಾಕಿ ತಲೆ ಮುಚ್ಚಿಕೊಂಡ ಮೇಲೆ ಸ್ಟೆತಸ್ಕೋಪ್ ಕಿವಿಗೆ ಹೋಗುವುದಿಲ್ಲ. ದಪ್ಪ ರಬ್ಬರ್ ಕೈಗವಸಿನಲ್ಲಿ ನಾಡಿ ಸಿಗುವುದಿಲ್ಲ. ಹಾಗಾಗಿ ಅಲ್ಲಿ ನೋಡಬೇಕಾದದ್ದು ಎರಡೇ: ಜೊಲ್ಲು, ಕಫ ಕಡಿಮೆಯಾಯಿತೇ, ಉಸಿರಾಟ ಹಗುರವಾಯಿತೇ. ತೊಡೆಗೆ ಒತ್ತುವ ಸ್ವಯಂಚಾಲಿತ ಸಿರಿಂಜಿನಲ್ಲಿ, ಈ ಜೊಲ್ಲು, ಕಫವನ್ನು ಒಣಗಿಸುವ ಮದ್ದಾದ ಅಟ್ರೋಪಿನ್ 2 ಮಿಲಿಗ್ರಾಂ ಇರುತ್ತದೆ. ಸಾಲದಿದ್ದರೆ ಮತ್ತೆ ಕೊಡಬೇಕು. ಪಾಪೆ ಅಗಲವಾಗಲಿ ಎಂದು ಕಾಯುವುದು, ನಾಡಿ ಏರಿತೆಂದು ನಿಲ್ಲಿಸುವುದು ಎರಡೂ ತಪ್ಪು. ಕಟ್ಟಿಬಿದ್ದ ಕಿಣ್ವವನ್ನು ವಿಷದಿಂದ ಬಿಡಿಸುವ ಮದ್ದಾದ ಪ್ರಾಲಿಡಾಕ್ಸಿಮ್ ವಿಷಯದಲ್ಲಂತೂ ತಡಮಾಡುವಂತೆಯೇ ಇಲ್ಲ. ಸರಿನ್ ಆದರೆ ಕೆಲವು ಗಂಟೆಗಳ ಅವಕಾಶ ಕೊಡುತ್ತದೆ, ಅದೇ ಕುಲದ ಇನ್ನೊಂದು ನರವಿಷ ಸೋಮನ್ ಕೆಲವೇ ನಿಮಿಷಗಳಲ್ಲಿ ಕಿಣ್ವವನ್ನು ಬಿಡಿಸಿಕೊಳ್ಳಲಾಗದಂತೆ ಹಿಡಿದುಬಿಡುತ್ತದೆ. ಸೆಳವು ಬಂದರೆ ಡಯಾಜೆಪಾಮ್.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಇದೇ ಪಾಠವನ್ನು ಇಲ್ಲಿನ ತುರ್ತು ಚಿಕಿತ್ಸಾ ಘಟಕಗಳ ನರ್ಸ್‌ಗಳಿಗೆ ಕಲಿಸುತ್ತಿದ್ದೇನೆ. ಮೊನ್ನೆ ಅಭ್ಯಾಸದ ನಡುವೆ ಒಬ್ಬರು ಕೇಳಿದರು: "ಸಾರ್, ನಾಡಿ ನೂರಿಪ್ಪತ್ತು ದಾಟಿದೆ ಎಂದುಕೊಳ್ಳೋಣ, ಇನ್ನೂ ಕೊಡುವುದೇ?"

"ಎದೆ ಒಣಗಿದೆಯೇನಮ್ಮ, ಅದನ್ನು ಮೊದಲು ಹೇಳಿ."

"ಇಲ್ಲ ಸಾರ್."

"ಹಾಗಾದರೆ ಕೊಡಿ."

ಒಂದು ವ್ಯತ್ಯಾಸವನ್ನು ಮಾತ್ರ ಒತ್ತಿ ಹೇಳುತ್ತೇನೆ. ಸರಿನ್ ರೋಗಿಗೆ ಮೊದಲ ಗಂಟೆಗಳಲ್ಲಿ ಹತ್ತಿಪ್ಪತ್ತು ಮಿಲಿಗ್ರಾಂ ಅಟ್ರೋಪಿನ್ ಸಾಕಾಗಬಹುದು. ಕೀಟನಾಶಕ ಹೊಟ್ಟೆ ಸೇರಿದವರಿಗೆ ದಿನಗಟ್ಟಲೆ ಬೇಕಾಗುತ್ತದೆ, ಒಟ್ಟು ನೂರಾರು ಮಿಲಿಗ್ರಾಂ ಮುಟ್ಟುವುದೂ ಉಂಟು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಆಂಪೂಲಿನಲ್ಲಿ ಇರುವುದು 0.6 ಮಿಲಿಗ್ರಾಂ. ಅದಕ್ಕೇ ತರಬೇತಿಗೆ ಹೋದಲ್ಲೆಲ್ಲ ಮೊದಲು ಔಷಧಿ ಬೀರು ತೆರೆಸಿ ಅಟ್ರೋಪಿನ್ ಎಣಿಸುತ್ತೇನೆ, ಆಮೇಲೆ ಪಾಠ. ಆಂಪೂಲು ಒಡೆಯುವುದಕ್ಕೇ ಒಬ್ಬರನ್ನು ನೇಮಿಸಿರಬೇಕು, ಕೊಟ್ಟದ್ದನ್ನು ಗೋಡೆಯ ಹಲಗೆಯ ಮೇಲೆ ಬರೆಯಲು ಇನ್ನೊಬ್ಬರು.