ಮೂರು ‘ಅಂತೆ’ಗಳು: ಅಲಂಕಾರ ಪಾಠದಲ್ಲಿ ನನ್ನ ಅನುಭವ

“ಅಲಂಕಾರದ ಮೂರು ಅಂಕದ ಪ್ರಶ್ನೆಗೆ ಇಷ್ಟೆಲ್ಲ ಯಾಕೆ ಮೇಡಂ? ಲಕ್ಷಣ ಬಾಯಿಪಾಠ ಮಾಡಿಸಿ, ಸಮನ್ವಯ ಬಾಯಿಪಾಠ ಮಾಡಿಸಿ, ಮುಗೀತು.” ಬೆಂಗಳೂರಿನ ಹನುಮಂತನಗರದಲ್ಲಿ ನನ್ನಂತೆಯೇ ಹತ್ತನೇ ತರಗತಿಗೆ ಮನೆಪಾಠ ಹೇಳುವ ಮೇಷ್ಟ್ರೊಬ್ಬರು ಹೀಗೆಂದಿದ್ದರು. ಈ ಸಲ ನನ್ನ ಹದಿನಾಲ್ಕು ಮಕ್ಕಳಲ್ಲಿ ಹನ್ನೆರಡೋ ಹದಿಮೂರೋ ಜನ ಎಂದೂ ಕಾಣದ ವಾಕ್ಯಕ್ಕೂ ಸರಿಯಾಗಿ ಸಮನ್ವಯ, ಅಂದರೆ ಅಲಂಕಾರದ ಲಕ್ಷಣ ಆ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಎಂಬ ವಿವರಣೆ, ಬರೆದರು. ಈಗ ಅದೇ ಮೇಷ್ಟ್ರು ನನ್ನ ಅಭ್ಯಾಸದ ಹಾಳೆಗಳನ್ನು ಕೇಳಿ ಒಯ್ದಿದ್ದಾರೆ.

ಮೊದಲ ವರ್ಷ ನಾನು ಕಾರ್ಡುಗಳ ಹಿಂದೆ ಬಿದ್ದೆ. ಒಂದು ಮಗ್ಗುಲಲ್ಲಿ ವಾಕ್ಯ, ಇನ್ನೊಂದರಲ್ಲಿ ಅಲಂಕಾರದ ಹೆಸರು. ಸುಲ್ತಾನಪೇಟೆಯಲ್ಲಿ ಬಣ್ಣದಲ್ಲಿ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ ತರುವಷ್ಟರಲ್ಲಿ ಆರು ಸಾವಿರದ ಹತ್ತಿರ ಹೋಯಿತು. ಎರಡೇ ವಾರದಲ್ಲಿ ಮಕ್ಕಳಿಗೆ ಕಾರ್ಡುಗಳೇ ಬಾಯಿಗೆ ಬಂದುಬಿಟ್ಟವು. ಕಮಲ ಕಂಡರೆ ಉಪಮೆ, ಅಂದರೆ ‘ಇದು ಅದರ ಹಾಗೆ’ ಎನ್ನುವ ಹೋಲಿಕೆ! ಕಿರುಪರೀಕ್ಷೆಯಲ್ಲಿ ‘ಸೀತೆಯ ಮುಖಕಮಲ ಅರಳಿತು’ ಎಂದು ಕೊಟ್ಟರೆ ಒಂಬತ್ತು ಜನ ಉಪಮೆ ಎಂದೇ ಬರೆದರು; ಅದು ‘ಇದೇ ಅದು’ ಎನ್ನುವ ರೂಪಕ. ಆ ಕಾರ್ಡುಗಳು ಇವತ್ತಿಗೂ ಅಟ್ಟದ ಮೇಲಿವೆ. ಮರುವರ್ಷ ಗೋಡೆಗೆ ಚಾರ್ಟು ಅಂಟಿಸಿದೆ, ಅದೂ ಅಷ್ಟೇ ಆಯಿತು.

ದಾರಿ ತೋರಿಸಿದ್ದು ಒಬ್ಬ ಹುಡುಗನ ತಪ್ಪು. ಮನೆಯಲ್ಲಿ ಕೇಳಿದ ಮಾತುಗಳಿಂದ ಐದು ಉಪಮೆ ಬರೆದು ತನ್ನಿ ಎಂದಿದ್ದೆ. ಅವನು ಬರೆದದ್ದು: ‘ನಾಳೆ ಶಾಲೆಗೆ ರಜೆಯಂತೆ.’ ಉಪಮೇಯ (ಹೋಲಿಸುವ ವಸ್ತು) ಶಾಲೆ, ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು) ರಜೆ, ವಾಚಕಪದ (ಹೋಲಿಕೆ ತೋರಿಸುವ ಪದ) ಅಂತೆ! ಉಳಿದವರು ನಕ್ಕರು, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಅವನು ನಾನು ಹೇಳಿಕೊಟ್ಟದ್ದನ್ನೇ ಮಾಡಿದ್ದ.

ನಮ್ಮ ಭಾಷೆಯಲ್ಲಿ ‘ಅಂತೆ’ ಮೂರು ಬಗೆ. ಕೇಳಿದ ಸುದ್ದಿಯದು ಒಂದು, ಹೋಲಿಕೆಯದು ಒಂದು, ಕಲ್ಪನೆಯ ‘ಓ ಎಂಬಂತೆ’ ಇನ್ನೊಂದು. ಲಕ್ಷಣ ಹೇಳುವುದನ್ನು ಪೂರ್ತಿ ಬಿಟ್ಟು ಮಳೆಗಾಲದ ವಾಕ್ಯಗಳಿಂದ ಶುರುಮಾಡಿದೆ. ‘ರಸ್ತೆ ಕೆರೆಯಂತೆ ತುಂಬಿದೆ.’ ಇಲ್ಲಿ ‘ಕೆರೆ ಹಾಗೆ’ ಅಂದರೂ ಮಾತು ನಿಲ್ಲುತ್ತದೆ, ಅದು ಉಪಮೆ. ‘ನಾಳೆ ರಜೆಯಂತೆ.’ ಇಲ್ಲಿ ‘ರಜೆ ಹಾಗೆ’ ಅಂದರೆ ಮಾತು ಕೆಡುತ್ತದೆ, ‘ರಜೆ ಅಂತ ಹೇಳಿದರು’ ಅಂದರೆ ಸರಿಹೋಗುತ್ತದೆ. ಅಲಂಕಾರವೇ ಇಲ್ಲ. ‘ಕೆಂಪಾಂಬುಧಿ ಕೆರೆಯೇ ನಮ್ಮ ಬೀದಿಗೆ ನಡೆದು ಬಂದಿತೋ ಎಂಬಂತೆ ನೀರು ನಿಂತಿತ್ತು.’ ಕೆರೆ ನಡೆದು ಬರುವುದುಂಟೆ? ಆಗದ್ದನ್ನು ಆಯಿತೇನೋ ಎಂದು ಊಹಿಸಿದ್ದರಿಂದ ಉತ್ಪ್ರೇಕ್ಷೆ.

ರೂಪಕಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು. ‘ಅಂತೆ’ ಬಿದ್ದುಹೋದರೆ ರೂಪಕ ಅಂದುಬಿಟ್ಟರೆ ‘ತಾವರೆಗಣ್ಣು’ ಅಡ್ಡ ಬರುತ್ತದೆ, ಅದು ಲುಪ್ತೋಪಮೆ, ವಾಚಕಪದದಂಥ ಅಂಗ ಬಿಟ್ಟುಹೋದ ಉಪಮೆ. ಕೊನೆಗೆ ಹಿಡಿದದ್ದು ಕ್ರಿಯಾಪದವನ್ನು. ‘ಮುಖಕಮಲ ಅರಳಿತು’: ಅರಳುವುದು ಕಮಲದ ಕೆಲಸ, ಕಮಲ ಗೆದ್ದಿತು, ರೂಪಕ. ‘ತಾಯಿ ಮಗುವಿನ ಮುಖಕಮಲಕ್ಕೆ ಮುತ್ತಿಟ್ಟಳು’: ಮುತ್ತು ಮುಖಕ್ಕೆ, ವಾಲಿದ್ದು ಉಪಮೆಯ ಕಡೆಗೆ. ಸಂಸ್ಕೃತ ಆಲಂಕಾರಿಕರು ಕೂಡ ಇಂಥ ಕಡೆ ಹೀಗೇ ನಿರ್ಣಯಿಸುತ್ತಿದ್ದರು. ಹತ್ತನೇ ತರಗತಿಯ ಪರೀಕ್ಷೆ ಇಷ್ಟು ಆಳಕ್ಕೆ ಇಳಿಯುವುದಿಲ್ಲ, ಆದರೆ ಒಮ್ಮೆ ಇದು ಹಿಡಿದ ಮಗು ಮತ್ತೆ ತಪ್ಪುವುದಿಲ್ಲ. ಈ ಹಾಳೆಗಳ ಜೆರಾಕ್ಸಿಗೆ ಆದ ಖರ್ಚು ಮುನ್ನೂರು ರೂಪಾಯಿ ಇರಬಹುದು. ವಾಕ್ಯಗಳನ್ನು ಯಾವ ಸರದಿಯಲ್ಲಿ ಕೊಡುತ್ತೇನೆ ಅನ್ನುವುದನ್ನು ಮೇಷ್ಟ್ರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ನಡುವೆ ಛಂದಸ್ಸಿನ ಪಾಠದ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯಕ್ಕೂ ಕೈ ಹಾಕಿದೆ. ಪ್ರಸ್ತಾರ (ಅಕ್ಷರಗಳಿಗೆ ಲಘು ಗುರು ಗುರುತು) ಹಾಕುವ ಮೊದಲು ‘ತಕಿಟ ತಕಧಿಮಿ ತಕಿಟ ತಕಧಿಮಿ’ ಎಂದು ಮೇಜು ತಟ್ಟಿಸಿದೆ. ಮೂರು ನಾಲ್ಕು ಮೂರು ನಾಲ್ಕು, ಒಟ್ಟು ಹದಿನಾಲ್ಕು ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ). ಮೂರು ಮತ್ತು ಆರನೆಯ ಸಾಲಿಗೆ ‘ತಕಿಟ ತಕಧಿಮಿ’ ಮೂರು ಸಲ, ಕೊನೆಗೊಂದು ಎರಡು ಮಾತ್ರೆಯ ಗುರು, ಒಟ್ಟು ಇಪ್ಪತ್ತಮೂರು. ಕೆಳಗಿನ ಮನೆಯವರು ಗಲಾಟೆ ಅಂದರು, ಆದರೆ ಸಾಲನ್ನು ಮಾತ್ರೆಗಳ ಗುಂಪಾಗಿ ಒಡೆಯುವ ಗಣ ವಿಭಾಗದಲ್ಲಿ ತಪ್ಪು ಅರ್ಧಕ್ಕಿಳಿಯಿತು. ಅಕ್ಷರಗಳು ಮರುಕಳಿಸುವ ಅನುಪ್ರಾಸಕ್ಕೆಂದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕೂಗುಗಳನ್ನು ಫೋನಿನಲ್ಲಿ ಹಿಡಿದು ತಂದೆ, ಜನರ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ.

ಒಂದೇ ಮಾತು ಎರಡು ಅರ್ಥ ಕೊಡುವ ಶ್ಲೇಷಕ್ಕೆ ಮಾತ್ರ ಒಳ್ಳೆಯ ದಾರಿ ಸಿಕ್ಕಿರಲಿಲ್ಲ. ಹೋದ ತಿಂಗಳು ಒಬ್ಬಳು ಹುಡುಗಿ ‘ಆ ರಸ್ತೆ ಇವತ್ತು ಕೆರೆಯಂತೆ’ ಎಂದು ಬರೆದು ತಂದಳು. “ಮಿಸ್, ಸುದ್ದಿಯೂ ಹೌದು, ಹೋಲಿಕೆಯೂ ಹೌದು. ಎರಡೂ ಒಟ್ಟಿಗೆ ಬೇಕು ಅಂತಲೇ ಬರೆದರೆ ಇದು ಶ್ಲೇಷ ಅಲ್ವಾ?” ಮುಂದಿನ ಬ್ಯಾಚಿಗೆ ಶ್ಲೇಷದ ಪಾಠ ಈ ವಾಕ್ಯದಿಂದಲೇ ಶುರು.