ಕಿವಿಯೊಳಗಿನ ಜೀರುಂಡೆಗೆ ಬಿಲ್ವತೈಲ: ನನ್ನ ಅನುಭವ

ಹೊಸನಗರದ ಕಡೆಯ ನಮ್ಮ ತೋಟದ ಮನೆಯಲ್ಲಿ ಜೀರುಂಡೆಯ ಸದ್ದು ಹೊಸತೇನಲ್ಲ. ಆದರೆ ಬಾಗಿಲು, ಕಿಟಕಿ ಮುಚ್ಚಿದರೂ ಅದು ತಗ್ಗದಿದ್ದಾಗ, ಸದ್ದು ಹೊರಗಿನದಲ್ಲ, ನನ್ನ ಎಡಗಿವಿಯದು ಎಂದು ತಿಳಿಯಿತು. ಕಿವಿ ಮುಚ್ಚಿಕೊಳ್ಳದೆ ನಾಲ್ಕೈದು ವರ್ಷ ಕಳೆ ಹೊಡೆಯುವ ಯಂತ್ರ ಹೊತ್ತುದರ ಫಲವದು. ಶಿವಮೊಗ್ಗದಲ್ಲಿ ತೋರಿಸಿದಾಗ, ಕಿವಿತಮಟೆಗೆ ತೂತಿಲ್ಲ, ಸದ್ದಿಗೆ ಮದ್ದೂ ಇಲ್ಲ, ರೂಢಿ ಮಾಡಿಕೊಳ್ಳಿ ಎಂದರು.

ಗಿಂಕೊ ಎಂಬ ಮರದ ಎಲೆಯ ಸಾರದ ಮಾತ್ರೆಗೆ ಮೂರು ತಿಂಗಳಲ್ಲಿ ನಾಲ್ಕು ಸಾವಿರದಷ್ಟು ಸುರಿದೆ, ಕಿಂಚಿತ್ತೂ ವ್ಯತ್ಯಾಸವಾಗಲಿಲ್ಲ. ಆಮೇಲೆ ಬಿಲ್ವತೈಲಕ್ಕೆ, ಅಂದರೆ ಬಿಲ್ವದ ಕಾಯಿಯನ್ನು ಎಳ್ಳೆಣ್ಣೆ, ಆಡಿನ ಹಾಲಿನೊಂದಿಗೆ ಕಾಯಿಸಿ ಮಾಡುವ ಕಿವಿಯ ಎಣ್ಣೆಗೆ, ಕೈಹಾಕಿದೆ. ಮೊದಲ ಸಲ ಹಣ್ಣನ್ನೇ ಬಳಸಿದ್ದರಿಂದ ಸಿಹಿ ತಿರುಳು ತಳ ಹಿಡಿದು, ಒಂದು ಲೀಟರು ಎಳ್ಳೆಣ್ಣೆ ಕರಟಿ ಹೋಯಿತು. ಎರಡನೆಯ ಸಲ ಅವಸರದಲ್ಲಿ ಇಳಿಸಿದ್ದರಿಂದ ನೀರಿನಂಶ ಉಳಿದು, ಆಷಾಢದ ತಂಡಿಗೆ ಹದಿನೈದೇ ದಿನದಲ್ಲಿ ವಾಸನೆ ಬಂತು. ಆಡಿನ ಹಾಲನ್ನು ಶಿಕಾರಿಪುರದ ಕಡೆಯಿಂದ ತರಿಸಬೇಕಾದ್ದರಿಂದ, ಎರಡು ಪಾಕ ಕೆಡುವಷ್ಟರಲ್ಲಿ ಎರಡು ಸಾವಿರ ಕರಗಿತ್ತು.

ಮೂರನೆಯ ಸಲ ಎಳೆಯ ಕಾಯಿಯ ತಿರುಳು ಕಾಲು ಕಿಲೋದಷ್ಟನ್ನು ಗೋಮೂತ್ರದಲ್ಲಿ ನುಣ್ಣಗೆ ಅರೆದು, ಒಂದು ಲೀಟರು ಎಣ್ಣೆ, ಅಷ್ಟೇ ಹಾಲು, ಸುಮಾರು ಮೂರು ಲೀಟರು ನೀರಿನೊಂದಿಗೆ ಮೂರು ದಿನ ಬಿಟ್ಟು ಬಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿದೆ. ಕಲ್ಕ, ಅಂದರೆ ಆ ಅರೆದ ತಿರುಳು, ಬೆರಳಲ್ಲಿ ಬತ್ತಿಯಾಗಿ, ಬೆಂಕಿಗೆ ಹಿಡಿದಾಗ ಚಟಚಟ ಎನ್ನದೆ ಉರಿದರೆ ನೀರಿನಂಶ ಹೋಗಿ ಪಾಕ ಬಂದಂತೆ. ಹಾಲನ್ನು ಯಾವ ಹಂತದಲ್ಲಿ ಹಾಕಿದೆನೆಂಬುದು ಮಾತ್ರ ನನ್ನಲ್ಲೇ ಇರಲಿ. ಆ ಹದ ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಗೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ನಡುವೆ ಉತ್ತರಾಣಿ ಗಿಡದ ಬೂದಿಯುಪ್ಪಿನಿಂದ ಮಾಡುವ ಕ್ಷಾರತೈಲವನ್ನೂ ಮಾಡಿ ನೋಡಿದೆ. ಹೊರೆ ಗಿಡ ಸುಟ್ಟು, ಬೂದಿಯನ್ನು ನೀರಲ್ಲಿ ಕದಡಿ, ಸೋಸಿ, ಇಂಗಿಸಿದರೆ ದಕ್ಕಿದ್ದು ಹಿಡಿ ಕ್ಷಾರ. ಅದರ ತೈಲವೋ ಕಿವಿಯನ್ನು ಉರಿಸಿತು, ಎರಡೇ ದಿನಕ್ಕೆ ಬಿಟ್ಟೆ.

ಬಿಲ್ವತೈಲವನ್ನು ರಾತ್ರಿ ಮಣಿಕಟ್ಟಿಗೆ ಹಿತವಾಗುವಷ್ಟೇ ಬೆಚ್ಚಗೆ ಮಾಡಿ, ನಾಲ್ಕೈದು ಹನಿ ಬಿಟ್ಟು, ಕಾಲು ಗಂಟೆ ಮಗ್ಗುಲಾಗಿ ಮಲಗುತ್ತಿದ್ದೆ. ನಲವತ್ತು ದಿನಗಳ ಸುಮಾರಿಗೆ ಸದ್ದು ಜೀರುಂಡೆಯಿಂದ ಸೊಳ್ಳೆಗೆ ಇಳಿಯಿತು. ಪೂರ್ತಿ ಹೋಗಿಲ್ಲ, ನಿದ್ದೆಯಂತೂ ಬರುತ್ತಿದೆ. ಒಣಗಿದ ಗುಗ್ಗೆ ಮೆತ್ತಗಾದದ್ದೂ ಕಾರಣವಿರಬಹುದು. ಅದೇ ಹೊತ್ತಿಗೆ ಯಂತ್ರ ಹಿಡಿಯುವಾಗ ಕಿವಿ ಮುಚ್ಚಿಕೊಳ್ಳತೊಡಗಿದ್ದೆ. ಆ ಪಾಲನ್ನು ತೈಲದ ಲೆಕ್ಕಕ್ಕೆ ಬರೆಯಲಾರೆ.

ಎಣ್ಣೆಯಿಂದ ಸದ್ದು ತಗ್ಗಿದರೆ ಮೀಸೆ ಬೋಳಿಸುತ್ತೇನೆ ಎಂದಿದ್ದ ಭಾವನವರು ಮೊನ್ನೆ ಸೀಸೆ ಹಿಡಿದು ಬಂದರು. ಅವರದು ಸೋರುವ ಕಿವಿ, ಅಂಥದಕ್ಕೆ ಎಣ್ಣೆ ಬಿಡಬಾರದು. ಆದ್ದರಿಂದ ಖಾಲಿ ಸೀಸೆಯೊಂದಿಗೆ ವೈದ್ಯರಲ್ಲಿಗೆ ಕಳುಹಿಸಿದೆ. ಮೀಸೆ ಇನ್ನೂ ಹಾಗೆಯೇ ಇದೆ.